ಇಳಿಯದ ಘಾಟಿ

ಒಣಭೂಮಿಯ ಮನೆತನ ನಮ್ಮದು. ಮಾವನವರು ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಯಲ್ಲಿ ಹತ್ತಿ, ಶೇಂಗಾ ವ್ಯಾಪಾರ ಮಾಡುವವರು. ನೀರೆಂದರೆ ಅವರಿಗೆ ನಲ್ಲಿಯದು, ಅದೂ ಮನಸ್ಸಾದಾಗ ಬರುವುದು. ಅಂಥವರ ಮಗ ಕಾರವಾರದ ಕಡೆ ಕಡಲಲ್ಲಿ ಪ್ರವಾಸಿಗಳಿಗೆ ಸ್ಕೂಬಾ ಡೈವಿಂಗ್ ಕಲಿಸುತ್ತಾನೆಂದರೆ ಬೀಗರೆಲ್ಲ ನಗುತ್ತಿದ್ದರು. ನಾನೂ ನಕ್ಕೇ ಮದುವೆಯಾದವಳು.

ನಮ್ಮವರು ಕಲಿಸುತ್ತಿದ್ದ ಮೊದಲ ಪಾಠ ನನಗೂ ಬಾಯಿಪಾಠ. ಆಳದಲ್ಲಿ ಉಸಿರಾಡಿದ ಗಾಳಿ ರಕ್ತದಲ್ಲಿ ಕರಗಿರುತ್ತದೆ. ನಿಧಾನ ಮೇಲೆ ಬಂದರೆ ಉಸಿರಿನ ಜೊತೆ ಹೊರಗೆ ಹೋಗುತ್ತದೆ; ಅವಸರ ಮಾಡಿದರೆ ಗೋಲಿಸೋಡಾ ಒಡೆದಂತೆ ಮೈಯೊಳಗೇ ಗುಳ್ಳೆ ಏಳುತ್ತದೆ. ನೀರಿನಿಂದ ಎದ್ದ ದಿನ ವಿಮಾನ ಹತ್ತಬಾರದು, ಎತ್ತರದ ಊರಿಗೆ ಹೋಗಬಾರದು; ಮೇಲೇರಿದಷ್ಟೂ ಒತ್ತಡ ಇಳಿದು ಮೈಯಲ್ಲಿ ಉಳಿದ ಗಾಳಿ ಗುಳ್ಳೆಯಾಗುತ್ತದೆ.

ಬಸುರಿಯಾದ ನನಗೆ ಕುಬಸ ಮಾಡುವ ದಿನ ಬೆಳಗಿನ ಜಾವ ದೋಣಿಯ ಲಂಗರು ಬಂಡೆಗೆ ಸಿಕ್ಕಿಕೊಂಡಿತೆಂದು ಅವರು ಮೇಲಿಂದ ಮೇಲೆ ಮುಳುಗಿ ಬಿಡಿಸಿದ್ದರು. ನಾಳೆ ಬರುತ್ತೇನೆಂದು ಫೋನ್ ಮಾಡಿದರು. ಬಸುರಿ ಹೆಂಡತಿಯನ್ನು ಒಬ್ಬಳನ್ನೇ ಮಣೆಯ ಮೇಲೆ ಕೂರಿಸುವುದೇ? ಮಾವನವರು ಫೋನ್ ಕಸಿದುಕೊಂಡರು.

"ವಿಮಾನದಾಗ ಬಾ ಅಂದೇನೇನು? ಕಾರಿನ್ಯಾಗ ಬಾ. ನಮ್ಮೂರು ಬಯಲಸೀಮಿ, ಇಲ್ಲೆಲ್ಲಿ ಗುಡ್ಡ ಐತಿ?"

ನಮ್ಮವರು ಒಪ್ಪಿಬಿಟ್ಟರು. ಕಡಲ ಕಡೆಯಿಂದ ಬರುವಾಗ ಅರಬೈಲ ಘಾಟಿ ಹತ್ತಿದ್ದು ನಮಗೆಲ್ಲ ಗೊತ್ತಿರುತ್ತದೆ. ಅದನ್ನು ಇಳಿಯದೆಯೇ ಹುಬ್ಬಳ್ಳಿ ಬರುತ್ತದೆ, ನಮ್ಮ ಬಯಲೇ ಕಡಲಿಗಿಂತ ಎರಡು ಸಾವಿರ ಅಡಿ ಮೇಲಿದೆ ಎಂಬುದು ಮಾತ್ರ ಕರಿಮಣ್ಣಿನ ಬಯಲು ಕಂಡೊಡನೆ ಮರೆತುಹೋಗುತ್ತದೆ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎನ್ನುವ ಹಾಗೆ ಪಾಠ ಕಲಿಸುವವರೇ ಮರೆತರು. ಇವತ್ತಿಗೂ ನೆನೆದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಕೇಶ್ವಾಪುರದ ನಮ್ಮ ಮನೆಗೆ ಬಂದಾಗ ಭುಜ ಹಿಡಿದುಕೊಂಡಿದ್ದರು. ಗಾಡಿ ಹೊಡೆದು ಹಿಡಿದಿರಬೇಕೆಂದು ಅತ್ತೆ ಎಣ್ಣೆ ತಿಕ್ಕಿ ಶಾಖ ಕೊಟ್ಟರು. ಹಸಿರು ಸೀರೆ, ಹಸಿರು ಬಳೆ, ಉಡಿ, ಆರತಿ ಎಲ್ಲ ಆಯಿತು. ಹಿರಿಯರಿಗೆ ನಮಸ್ಕರಿಸಲು ನಾನು ಹೊಟ್ಟೆ ಹೊತ್ತುಕೊಂಡು ಎದ್ದೆ. ಅವರು ಏಳಲಿಲ್ಲ. ಇವರಿಬ್ಬರಲ್ಲಿ ಬಸುರಿ ಯಾರೆಂದು ಹೆಂಗಸರು ನಕ್ಕರು, ನಾನೂ ನಕ್ಕೆ. ಅವರು ನನ್ನ ಸೆರಗು ಹಿಡಿದೆಳೆದರು.

"ಕಾಲು ಇಲ್ಲದಂಗ ಆಗ್ಯಾವು. ಇದು ನೀರಿಂದ ಬಂದದ್ದು. ಆಕ್ಸಿಜನ್ ಹಚ್ಚಸು, ಲಗೂನ ಕೆಳಗ, ಕಡಲಿನ ಕಡೆ ಒಯ್ಯಿ."

ಆಸ್ಪತ್ರೆಯಲ್ಲಿ ಬೆನ್ನುಹುರಿಯ ತೊಂದರೆ ಎಂದರು, ಸ್ಕ್ಯಾನ್ ಆಗಲಿ ಎಂದರು. ಇದು ನೀರಿಂದ ಬಂದದ್ದೆಂದು ಕುಬಸದ ಸೀರೆಯಲ್ಲೇ ನಾನು ಮಾನ ಮರ್ಯಾದೆ ಬಿಟ್ಟು ಕೂಗಾಡಿದೆ. ಕೊನೆಗೊಬ್ಬ ವೈದ್ಯೆ ಎಲ್ಲೆಲ್ಲಿಗೋ ಫೋನ್ ಮಾಡಿ, ಇದಕ್ಕೆ ಬೇಕಾದ ಒತ್ತಡದ ಕೋಣೆ ಕಡಲ ಕಡೆಗೇ ಇದೆಯೆಂದು ತಿಳಿದುಕೊಂಡರು. ಅಂಗಾತ ಮಲಗಿಸಿ, ಆಕ್ಸಿಜನ್, ಸಲೈನ್ ಹಚ್ಚಿ, ಹತ್ತಿ ಬಂದ ಘಾಟಿಯಲ್ಲೇ ಆಂಬುಲೆನ್ಸ್ ಇಳಿಯಿತು. ತಿರುವು ತಿರುವಿಗೂ ಅವರ ಪಾದ ಚಿವುಟಿ, ಗೊತ್ತಾಯಿತೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸುತ್ತಿದ್ದರು. ನನ್ನ ಹೊಟ್ಟೆಯೊಳಗಿನ ಕೂಸು ಒಂದೇ ಸಮನೆ ಒದೆಯುತ್ತಿತ್ತು. ಈ ಕಾಲುಗಳ ಬಲ ಅವರಿಗೆ ಕೊಡು ದೇವರೇ ಎಂದು ಬೇಡಿಕೊಂಡೆ. ಹೆತ್ತವಳು ಬೇಡಬಾರದ್ದನ್ನು ಬೇಡಿದೆ.

ಆ ಕೋಣೆಯೆಂದರೆ ಅಡ್ಡ ಮಲಗಿಸಿದ ಕಬ್ಬಿಣದ ಟ್ಯಾಂಕು. ಒಳಗೆ ಗಾಳಿ ಒತ್ತಿ, ಮತ್ತೆ ಕಡಲಾಳಕ್ಕೆ ಇಳಿಸಿದಂತೆ ಮಾಡಿ ಗುಳ್ಳೆಗಳನ್ನು ಕುಗ್ಗಿಸುತ್ತಾರೆ. ಆಮೇಲೆ ಆಕ್ಸಿಜನ್ ಕೊಡುತ್ತ ಬಲು ನಿಧಾನವಾಗಿ ಮೇಲೆ ತರುತ್ತಾರೆ. ಬಸುರಿಯನ್ನು ಒಳಗೆ ಬಿಡಲಿಲ್ಲ. ದುಂಡನೆಯ ಗಾಜಿಗೆ ಮುಖ ಒತ್ತಿ ನಿಂತಿದ್ದೆ. ಎಡಗಾಲಿನ ಹೆಬ್ಬೆರಳು ಅಲ್ಲಾಡಿತು. ಬಲಗಾಲಿಗೆ ಹೊತ್ತು ಮೀರಿತ್ತು. ದಿನವೂ ಒಳಗೆ ಕಳಿಸಿ ನೋಡಿದರು, ಅದರ ಬಲ ತಿರುಗಿ ಬರಲಿಲ್ಲ.

ಈಗ ಮಗಳು ಪಡಸಾಲೆಯ ಗೋಡೆ ಹಿಡಿದು ಹೆಜ್ಜೆ ಕಲಿಯುತ್ತಿದ್ದಾಳೆ. ಅದೇ ಗೋಡೆ ಹಿಡಿದು, ಆ ತುದಿಯಿಂದ ಅವಳಪ್ಪ. ಮೊನ್ನೆ ಮಾವನವರು ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡುತ್ತಿದ್ದರು. ನನ್ನ ಕಡೆ ತಿರುಗದೆ ಹೇಳಿದರು.

"ಬಯಲು ಅಂದಾಂವ ನಾನ, ಯವ್ವಾ."

ನಾವೆಲ್ಲರೂ ಹಾಗೆಯೇ ತಿಳಿದಿದ್ದೆವಲ್ಲ ಎನ್ನಬೇಕಿತ್ತು. ಅಷ್ಟರಲ್ಲಿ ಮಗಳು ಗೋಡೆ ಬಿಟ್ಟು ಹೆಜ್ಜೆ ಇಟ್ಟಳು. ಅವಳಪ್ಪ ಕೈ ಚಾಚಿದರು, ಗೋಡೆ ಬಿಡಲಾಗಲಿಲ್ಲ.