ಓಣಿಗೆಲ್ಲ ಅಜ್ಜಿಯ ನೀಲಿ ತಟ್ಟೆ

ಆಗೆಲ್ಲ ಬಿಳಿಚೋಡಿನ ನಮ್ಮ ಓಣಿಯಲ್ಲಿ ಯಾರ ಮನೆಗೆ ಹೆಣ್ಣು ನೋಡಲು ಬಂದರೂ, ಉಪ್ಪಿಟ್ಟಿನ ಒಗ್ಗರಣೆ ಬೀಳುವ ಮೊದಲೇ ನಮ್ಮ ಅಜ್ಜಿಯ ನೀಲಿ ತಟ್ಟೆಗಳು ಅಲ್ಲಿಗೆ ಹೋಗಿರುತ್ತಿದ್ದವು. ಯಾವನೋ ಬಿಳಿ ದೊರೆ ಬಂಗಲೆ ಖಾಲಿ ಮಾಡಿದಾಗ ಅಜ್ಜ ಚಿತ್ರದುರ್ಗದ ಹರಾಜಿನಲ್ಲಿ ಕೊಂಡು ತಂದ ವಿಲಾಯತಿ ಪಿಂಗಾಣಿ ಅದು. ಹಾಲುಬಿಳುಪಿನ ಮೇಲೆ ನೀಲಿ ಹೊಳೆ, ನೀಲಿ ದೋಣಿ, ದಂಡೆಯಲ್ಲಿ ನಾಲ್ಕು ಕೈ ಚಾಚಿ ನಿಂತ ಗಾಳಿಯಂತ್ರ. ನಮಗೇನು ಗೊತ್ತು, ಹೊಲದ ಬೆದರುಬೊಂಬೆ ಅಂದುಕೊಂಡಿದ್ದೆವು. ಅದರಲ್ಲಿ ತಿನ್ನುವ ಭಾಗ್ಯ ಮಕ್ಕಳಿಗಿರಲಿಲ್ಲ. ನಮಗೆ ಸ್ಟೀಲ್ ತಟ್ಟೆಯೇ ಗತಿ.

ಶೇಂಗಾ ಕಿತ್ತು ಮುಗಿದಿದ್ದ ಕಾಲ. ಅಪ್ಪನ ತಂಗಿ ಗಿರಿಜತ್ತೆಯನ್ನು ನೋಡಲು ಉಬ್ರಾಣಿಯವರು ಬರುವುದಿತ್ತು. ಹಿಂದೆ ಬಂದವರೆಲ್ಲ ಬಣ್ಣ ಕಮ್ಮಿ ಎಂದು ಹೋಗಿದ್ದರು. ಇದೂ ತಪ್ಪಿದರೆ ಎಂದು ಅಜ್ಜಿಗೆ ಜೀವದಲ್ಲಿ ಜೀವವಿರಲಿಲ್ಲ. ಸಾಲದ್ದಕ್ಕೆ ಅವರು ಮೊದಲು ಹಿತ್ತಲಾಚೆಯ ಪಾರ್ವತಿಯನ್ನು ನೋಡಿ ಆಮೇಲೆ ನಮ್ಮಲ್ಲಿಗೆ ಬರುವವರು. ತಟ್ಟೆಗಳೂ ಅಲ್ಲಿಯೇ ಇದ್ದವು. ಅವರು ಬೀದಿ ಸುತ್ತಿ ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಪಾರ್ವತಿಯ ಅವ್ವ ತಟ್ಟೆ ತೊಳೆದು ಹಿತ್ತಲ ಗೋಡೆಯ ಮೇಲಿಂದ ದಾಟಿಸಿದಳು. ನಾನು ಲಂಗದಲ್ಲೇ ಒರೆಸಿದೆ.

ಉಪ್ಪಿಟ್ಟು ಅರ್ಧ ಖಾಲಿಯಾಗಿ ನೀಲಿ ದೋಣಿ ಕಾಣುತ್ತಲೇ ಗಂಡಿನ ತಾಯಿಯ ಕೈ ನಿಂತಿತು.

“ಅಲ್ರೀ, ಈಗ ಆ ಮನೇಲೂ ಇದ್ರಾಗೇ ತಿಂದ್ವಲ್ಲ?”

ಅಜ್ಜಿ ಸೆರಗು ಬಾಯಿಗಿಟ್ಟುಕೊಂಡಳು. ತಲೆ ತಗ್ಗಿಸಿ ಕೂತಿರಬೇಕಾದ ಗಿರಿಜತ್ತೆ ತಲೆ ಎತ್ತಿದಳು.

“ಹೌದ್ರೀ, ನಮ್ಮವೇ. ನಾನೇ ಕೊಟ್ಟು ಬಂದೆ.”

“ನಿನ್ನ ನೋಡಾಕೆ ಬರೋರೇ ಅಲ್ಲಿಗೂ ಹೋಗ್ತಾರೆ ಅಂತ ಗೊತ್ತಿತ್ತೇನವ್ವಾ?”

“ಗೊತ್ತಿತ್ರೀ. ಅವಳಿಗೂ ಮದುವೆ ಆಗ್ಬೇಕಲ್ರೀ.”

ಗಂಡಿನ ತಾಯಿ ಅತ್ತೆಯ ಮುಖವನ್ನೇ ನೋಡಿದರು. ಒಪ್ಪದವರು ತಟ್ಟೆಯಲ್ಲಿ ಬಿಟ್ಟು ಏಳುವುದು ನಮ್ಮ ಕಡೆಯ ರೀತಿ. ನಾನು ಅವರ ತಟ್ಟೆಯನ್ನೇ ನೋಡುತ್ತಿದ್ದೆ. ಅವರು ಇದ್ದದ್ದನ್ನು ಬಳಿದು ತಿಂದು, ಖಾಲಿ ತಟ್ಟೆಯನ್ನು ಅತ್ತೆಯತ್ತ ಚಾಚಿದರು.

“ಇನ್ನೊಂಚೂರು ಹಾಕವ್ವಾ. ಇನ್ನೂ ಹಸಿವೈತೆ.”

ಅಜ್ಜಿ ಅಡುಗೆಮನೆಗೆ ಓಡಿ ಅತ್ತುಬಿಟ್ಟಳು. ಮರುವರ್ಷ ಪಾರ್ವತಿಗೂ ಅದೇ ತಟ್ಟೆಗಳ ಮುಂದೆ ಸಂಬಂಧ ಕೂಡಿಬಂತು.

ಈಗ ದಾವಣಗೆರೆಯಲ್ಲಿರುವ ನನ್ನ ಮನೆಯಲ್ಲಿ ತಟ್ಟೆಗಳಿಗೇನೂ ಬರವಿಲ್ಲ. ಮೊನ್ನೆ ಮಗಳನ್ನು ನೋಡಲು ಬಂದವರ ಮುಂದೆ ಇಟ್ಟದ್ದೆಲ್ಲ ಹೊಸದು, ಎಲ್ಲವೂ ನಮ್ಮದೇ. ಅವರು ಹೋದ ಮೇಲೆ ಅಡುಗೆಮನೆಯ ಕಿಟಕಿಯಿಂದ ಹಿತ್ತಲ ಗೋಡೆಯಾಚೆ ನೋಡಿದೆ. ಈ ಬಡಾವಣೆಗೆ ಬಂದು ಎಷ್ಟೋ ವರ್ಷವಾಯಿತು. ಆ ಗೋಡೆಯಾಚೆಯ ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇದ್ದಾಳೋ ಇಲ್ಲವೋ, ನನಗೆ ಗೊತ್ತಿಲ್ಲ.