ಜಿಗಿ ನೋಡುವ ಗಾಳೆಮ್ಮ

ನಮ್ಮ ಕುಷ್ಟಗಿಯ ಓಣಿಯಲ್ಲಿ ಯಾರ ಮನೆಯ ರೊಟ್ಟಿ ಹರಿದರೂ ಗಾಳೆಮ್ಮನಿಗೇ ಕರೆ ಹೋಗುತ್ತದೆ. ಸೊಂಟ ಹಿಡಿದುಕೊಂಡು, "ಈ ಜೋಳ ನನ್ನ ಜೀವಾ ತಿಂತೈತಿ" ಎಂದು ಗೊಣಗುತ್ತ ಬರುತ್ತಾಳೆ. ವೈದ್ಯರು ನಾಡಿ ಹಿಡಿದ ಹಾಗೆ ಹಿಟ್ಟಿನಲ್ಲಿ ಹೆಬ್ಬೆರಳೂರಿ ಕಣ್ಣು ಮುಚ್ಚುತ್ತಾಳೆ. ಯಲಬುರ್ಗಿಯ ಕಪ್ಪು ಎರಿ ಹೊಲದ ಜೋಳಕ್ಕೆ ಜಿಗಿ, ಅಂದರೆ ಅಂಟು, ಹೆಚ್ಚು, ಕೆಂಪು ಮಸಾರಿ ಮಣ್ಣಿನದಕ್ಕೆ ಕಡಿಮೆ, ಗಂಗಾವತಿಯ ಹೊಸ ಅಕ್ಕಿ ಬೆಂದರೆ ಮುದ್ದೆ, ಹಳೆಯದಾದರೆ ಉದುರು. ಈ ಪುರಾಣ ಕೇಳಿ ಕೇಳಿ ನಮಗೆ ಸಾಕಾಗಿದೆ. ಕಂಟ್ರೋಲ್ ಅಂಗಡಿಯ ಮುಗ್ಗಲು ಜೋಳ ಬಂದ ಮೇಲಂತೂ ಆಕೆಗೆ ಕೂರಲು ಬಿಡುವಿಲ್ಲ. ತೀರ್ಪು ಮಾತ್ರ ಎಲ್ಲ ಮನೆಯಲ್ಲೂ ಒಂದೇ: "ಹಳೇ ಜೋಳರಿ, ಜಿಗಿ ಸತ್ತೈತಿ. ಹುಡುಗಿ ಕೈದೇನೂ ತಪ್ಪಿಲ್ಲ." ಮೊನ್ನೆ ಓಬಳೆಪ್ಪ, ರೊಟ್ಟಿ ಬಡಿಯಲು ಬಾರದ ಹೊಸ ಹೆಂಡತಿಯನ್ನು ತವರಿಗೆ ಅಟ್ಟುತ್ತೇನೆಂದು ಗಾಡಿ ಹೂಡಿ ನಿಂತಿದ್ದ. ಗಾಳೆಮ್ಮ ಅಲ್ಲೂ ಹೆಬ್ಬೆರಳೂರಿ ಅದನ್ನೇ ಹೇಳಿದಳು. ಆಮೇಲೆ ಹುಡುಗಿ ತಣ್ಣೀರಲ್ಲಿ ನಾದಿದ್ದ ಹಿಟ್ಟನ್ನು ಮೆಲ್ಲಗೆ ಸರಿಸಿ, ಒಲೆಯ ಮೇಲೆ ಎಸರಿಟ್ಟು, ಕುದಿಯುವ ನೀರು ಸುರಿದು ನಾದುವುದನ್ನು ತೋರಿಸಿಕೊಟ್ಟಳು. ಓಬಳೆಪ್ಪ ಎತ್ತು ಬಿಚ್ಚಿದ. ಆ ಜೋಳ ಈ ಸುಗ್ಗಿಯದು, ನನ್ನ ಕಣದಿಂದಲೇ ಹೋದದ್ದು. ಆಕೆ ಹೊರಗೆ ಬಂದಾಗ ಕೇಳಿದೆ: "ಅದು ಹೊಸಾ ಜೋಳ ಅಲ್ಲೇನಬೇ?" ಮದುವೆಯಾದ ವರ್ಷವೇ ತವರಿಗೆ ಮರಳಿ, ಅಣ್ಣನ ಮನೆಯಲ್ಲೇ ಮುದುಕಿಯಾದ ಗಾಳೆಮ್ಮ ಬೆರಳಿಗಂಟಿದ ಹಿಟ್ಟು ಕೆರೆಯುತ್ತ ಅಂದಳು: "ನಂದೂ ಹೊಸಾ ಜೋಳನ ಇತ್ತಪ್ಪಾ. ಹಳೇದೈತಿ ಅನ್ನಾಕ ಆ ಊರಾಗ ಒಬ್ಬಾಕೀನೂ ಬರಲಿಲ್ಲ."