ಮೂರು ಡಬ್ಬಿ ಹಾಲು

ಮಡಕಶಿರದ ತವರಿನಲ್ಲಿ ಬಾಣಂತನ ಮುಗಿಸಿ ರಾಯದುರ್ಗಕ್ಕೆ ಬಂದಾಗ ಮಗಳಿಗೆ ಮೂರು ತಿಂಗಳು. ಹೆರಿಗೆಯ ನಂತರದ ಜ್ವರದಲ್ಲಿ ನನ್ನ ಹಾಲು ಕಡಿಮೆಯಾಗಿತ್ತು. ಡಾಕ್ಟರು ಹೇಳಿದಂತೆ ಡಬ್ಬಿಯ ಪುಡಿ ಹಾಲನ್ನೂ ಕುಡಿಸುತ್ತಿದ್ದೆ. ಗಂಡನ ಮನೆಗೆ ಬಂದ ಎರಡನೇ ವಾರಕ್ಕೇ ಮಗುವಿನ ಕೆನ್ನೆ ಕೆಂಪಾಗಿ ಒರಟಾಯಿತು. ಆಮೇಲೆ ಕತ್ತು, ಮೊಣಕೈ ಸಂದು. ಮುಖವನ್ನು ನನ್ನ ಹೆಗಲಿಗೆ ತಿಕ್ಕಿ ತಿಕ್ಕಿ ನೀರೊಸರುವ ಹಾಗೆ ಮಾಡಿಕೊಳ್ಳುತ್ತಿತ್ತು.

“ಡಬ್ಬಿ ಹಾಲು ಕುಡಿಸಿದ್ದಕ್ಕ ಹಿಂಗಾಗೈತಿ. ನಮ್ಮ ಮನ್ಯಾಗ ಯಾರಿಗೂ ಇಂಥಾದ್ದಿಲ್ಲ,” ಎಂದರು ಅತ್ತೆ. ಅವರು ಕೆಟ್ಟವರಲ್ಲ, ಅವರಿಗೂ ಭಯ. ಆದರೆ ದಿನಕ್ಕೆ ಹತ್ತು ಸಲ ಅದನ್ನೇ ಕೇಳಿ ಕೇಳಿ, ತಪ್ಪು ನನ್ನದೇ ಎಂದು ನಾನೂ ನಂಬಿದೆ.

ಔಷಧಿ ಅಂಗಡಿಯವರು ಬೇರೊಂದು ಡಬ್ಬಿ ತೆಗೆದಿಟ್ಟರು. “ಇದನ್ನ ಕುಡಸ್ರಿ, ಇಸುಬು ಬರಂಗಿಲ್ಲ.” ಅದರ ವಾಸನೆಗೇ ಮಗು ಮುಖ ತಿರುಗಿಸಿತು. ಹತ್ತು ದಿನ ಒದ್ದಾಡಿ ಕುಡಿಸಿದೆ. ಕೆನ್ನೆ ಹಾಗೇ ಇತ್ತು. ಪಕ್ಕದ ಮನೆಯವರು ಹೇಳಿದರೆಂದು ಮೂರನೆಯದು ತಂದೆವು. ಅದಕ್ಕೆ ಮಲ ಗಟ್ಟಿಯಾಗಿ ಮಗು ಮುಕ್ಕರಿಸಿ ಅಳತೊಡಗಿತು. ಮಗು ಕೆರೆದುಕೊಳ್ಳದಿರಲೆಂದು, ಜೀನ್ಸ್ ಹೊಲಿಯುವ ನನ್ನ ಗಂಡ ಹಳೇ ಸೀರೆಯ ಬಟ್ಟೆಯಲ್ಲಿ ಪುಟ್ಟ ಕೈಗವಸು ಹೊಲಿದುಕೊಟ್ಟರು. ಅವನ್ನು ಕಟ್ಟುವಾಗ ನನಗೆ ಅಳುವುದಕ್ಕೂ ಶಕ್ತಿ ಇರುತ್ತಿರಲಿಲ್ಲ.

ಕೊನೆಗೆ ಮಗುವನ್ನೆತ್ತಿಕೊಂಡು ತವರಿಗೆ ಹೊರಟೆ. ಬಸ್ಸಿನಲ್ಲಿ ಪಕ್ಕ ಕೂತವಳು ಇದು ಅಂಟುತ್ತದೆಯೇ ಎಂದು ತೆಲುಗಿನಲ್ಲಿ ಕೇಳಿ, ಉತ್ತರಕ್ಕೂ ಕಾಯದೆ ಎದ್ದು ಹೋದಳು.

ಅಮ್ಮ ನಮ್ಮನ್ನು ಮಕ್ಕಳ ಡಾಕ್ಟರ ಬಳಿ ಕರೆದೊಯ್ದಳು. ಡಾಕ್ಟರಮ್ಮ ಮಗುವಿನ ಮೈಯೆಲ್ಲ ನೋಡಿ, “ಮನೇಲಿ ಯಾರಿಗಾದ್ರೂ ಇಸುಬು, ಉಬ್ಬಸ ಐತೇನಮ್ಮ?” ಎಂದರು. ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ತಲೆ ತಗ್ಗಿಸಿ, “ನಂಗಿತ್ತು ಡಾಕ್ಟ್ರಮ್ಮ. ಮದ್ವೆ ಆಗೋವರ್ಗೂ ಇತ್ತು. ಯಾರ್ಗೂ ಹೇಳ್ಬ್ಯಾಡ ಅಂದಿದ್ಲು ನಮ್ಮವ್ವ,” ಎಂದಳು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಷ್ಟು ದಣಿದಿದ್ದೆ.

“ಇದು ಹೆಚ್ಚಾಗಿ ವಂಶದಲ್ಲೇ ಬರೋದು. ಡಬ್ಬಿ ಬದಲಾಯಿಸಿದ್ರೆ ಇಸುಬು ಬರಲ್ಲ ಅನ್ನೋದನ್ನ ನಂಬಬೇಡಿ,” ಎಂದರು ಡಾಕ್ಟರು. “ಹಾಲು ಒಗ್ಗದ ಮಕ್ಕಳೂ ಇರ್ತವೆ, ಆದ್ರೆ ಇವಳಲ್ಲಿ ಆ ಲಕ್ಷಣ ಕಾಣ್ತಿಲ್ಲ. ಮೊದಲಿನದೇ ಕುಡಿಸಿ, ನಿಮ್ಮ ಹಾಲೂ ಬಂದಷ್ಟು ಕೊಡಿ. ಕಡ್ಲೆಹಿಟ್ಟು, ಸೋಪು ಬ್ಯಾಡ. ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮಾಡಿಸಿ, ಮೈ ಹಸಿ ಇದ್ದಾಗ್ಲೇ ಈ ಮುಲಾಮು ಹಚ್ಚಿ.”

ರಾಯದುರ್ಗಕ್ಕೆ ಮರಳಿ ಅತ್ತೆಗೆ ಎಲ್ಲವನ್ನೂ ಹೇಳಿದೆ, ಅಮ್ಮನ ವಿಷಯವನ್ನೂ.

“ಮೊದಲ ಗೊತ್ತಿದ್ರ ನಾ ನಿನಗ ಅಷ್ಟು ಅಂತಿದ್ನೇನವ್ವಾ?” ಎಂದು ಕಾಲು ಚಾಚಿ ಕೂತು ಮಗುವನ್ನು ಮಲಗಿಸಿಕೊಂಡರು. “ಕೊಡಿಲ್ಲಿ ಮುಲಾಮು. ನೀ ಹೋಗಿ ಅಡ್ಡಾಗು.”

ಆ ದಿನ ಮಧ್ಯಾಹ್ನ ಊಟಕ್ಕೂ ಏಳದೆ ಮಲಗಿದೆ. ಕೆನ್ನೆ ತಿಳಿಯಾಗಲು ಎರಡು ತಿಂಗಳು ಹಿಡಿಯಿತು. ಈಗಲೂ ಚಳಿಗೆ ಒಡೆಯುತ್ತದೆ, ಮತ್ತೆ ಹಚ್ಚುತ್ತೇವೆ.